ದೊಡ್ಡವರ ಜಗುಲಿಯೂ ದುಡಿಯುವವರ ಬಡತಿಯೂ

ದಸರೆ ಮುಗಿದು ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಮುಧೋಳ ಸೀಮೆಯಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತದೆ. ಗಿರಣಿಯ ಒಳಗೆ ಯಂತ್ರಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸುವ ಸಿದ್ಧತೆ ಒಂದು. ಗಿರಣಿಯ ಹೊರಗೆ ನಡೆಯುವುದು ಇನ್ನೊಂದು. ಹೋದ ಸಲ ಹಂಗಾಮಿಯಾಗಿ ದುಡಿದು ಬೇಸಗೆಯಲ್ಲಿ ಮನೆ ಸೇರಿದವರು, ಈ ಸಲದ ಯಾದಿಯಲ್ಲಿ ತಮ್ಮ ಹೆಸರು ಬರಲೆಂದು, ಬೆಳಗಿನ ಆರು ಗಂಟೆಗೇ ಯಾರಾದರೊಬ್ಬ ದೊಡ್ಡವರ ಮನೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಹಂಗಾಮಿ ಎಂಬ ಶಬ್ದಕ್ಕೂ ಹಂಗು ಎಂಬ ಶಬ್ದಕ್ಕೂ ಪಂಡಿತರು ಸಂಬಂಧ ಒಪ್ಪಲಿಕ್ಕಿಲ್ಲ. ಒಂದು ಪಾರಸಿಯಿಂದ ಬಂದದ್ದು, ಇನ್ನೊಂದು ಅಚ್ಚ ಕನ್ನಡ. ಆದರೆ ನಮ್ಮ ಕಡೆ ಅವೆರಡೂ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿವೆ.

ಅಂಥದೊಂದು ಜಗುಲಿಯ ಮುಂದೆ ಈ ಲೇಖಕನೂ ಒಮ್ಮೆ ನಿಂತದ್ದುಂಟು. ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹುಡುಗ ಬಾಯ್ಲರಿನ ಮುಂದೆ ಎರಡು ಹಂಗಾಮು ದುಡಿದಿದ್ದ. ಕೆಲಸದಲ್ಲಿ ಹುಷಾರು, ಮಾತಿನಲ್ಲಿ ಮುಗ್ಧ. "ಮಾವಾ, ಬರೇ ದುಡದ್ರ ಯಾರೂ ಕೇಳೂದಿಲ್ಲ. ನಿಮ್ಮ ಪರಿಚಯದವರು ಯಾರರ ಅದಾರೇನು?" ಎಂದು ಅವನೇ ಕೇಳಿದ್ದ. ನಾವು ಹೋದಾಗ ಅಂಗಳದಲ್ಲಿ ಮೂವತ್ತು ನಲವತ್ತು ಜೊತೆ ಚಪ್ಪಲಿಗಳಿದ್ದವು. ಸಾಹೇಬರು ಪೂಜೆಗೆ ಕೂತಿದ್ದಾರೆಂದು ಒಬ್ಬ, ಫೋನಿನಲ್ಲಿದ್ದಾರೆಂದು ಇನ್ನೊಬ್ಬ ಹೇಳುತ್ತ ಹೇಳುತ್ತ ಹನ್ನೊಂದು ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ನಮ್ಮ ಕೈಗಳನ್ನು ನೋಡಿ, "ಏನ್ರೀ, ಬರಿಗೈಲೆ ಬಂದೀರೇನು?" ಎಂದು ಮರುಕದಿಂದ ಕೇಳಿದ. ಅವನ ಕಾಲ ಬಳಿ ಹಸಿ ಶೇಂಗಾದ ಚೀಲವಿತ್ತು.

ಕಡೆಗೆ ಸಾಹೇಬರು ಹೊರಗೆ ಬಂದರು. ನನ್ನ ಗುರುತು ಹಿಡಿದರು. ಹುಡುಗನ ಹೆಗಲ ಮೇಲೆ ಕೈಯಿಟ್ಟು "ಇಂವ ನಮ್ಮ ಹುಡುಗ" ಎಂದರು. ಆ ಮೂರು ಶಬ್ದಗಳಿಂದ ಯಾದಿಯಲ್ಲಿ ಹೆಸರು ಬಂತು. ನಾವು ಪೇಡೆ ಹಂಚಿದೆವು.

ಹೆಸರು ಬಂದ ಆ ಜಾಗದಲ್ಲಿ ಮೊದಲು ಇನ್ನೊಂದು ಹೆಸರಿತ್ತು ಎಂಬುದು ತಿಳಿದದ್ದು ಆಮೇಲೆ. ಏಳು ಹಂಗಾಮು ದುಡಿದವನೊಬ್ಬ ಆ ವರ್ಷ ಮನೆಯಲ್ಲಿ ಕೂತ. ಅವನಿಗೂ ನನಗೂ ಜಗಳವಿರಲಿಲ್ಲ, ಪರಿಚಯವೂ ಇರಲಿಲ್ಲ. ಅವನ ಅನ್ನದ ತಾಟನ್ನು ನಾನು ಎತ್ತಿಕೊಟ್ಟದ್ದು ನಗುನಗುತ್ತ, ನಮಸ್ಕಾರ ಮಾಡುತ್ತ. ಇನ್ನು ಅಕ್ಕನ ಮಗನ ಕಥೆ. ಚುನಾವಣೆ ಬಂದಾಗ ಹದಿನೈದು ದಿನ ಬ್ಯಾನರು ಕಟ್ಟಿದ. ಸಾಹೇಬರ ಮನೆಯ ಮದುವೆಯಲ್ಲಿ ಬುಂದಿ ಬಡಿಸಿದ. ಹೆಚ್ಚಿನ ತಾಸಿನ ಪಗಾರ ಕೇಳಲು ಅವನ ಪಾಳಿಯವರೆಲ್ಲ ಸಭೆ ಸೇರಿದ ದಿನ ಮಾತ್ರ ಬರಲಿಲ್ಲ. "ಮಾವಾ, ನಾ ಹ್ಯಾಂಗ ಬರ್ಲಿ? ಅವರ ಉಪ್ಪು ತಿಂದೇನಿ" ಎಂದ. ದುಡಿದದ್ದು ಅವನು, ಬೆವರು ಅವನದು, ಪಗಾರ ಕೊಟ್ಟದ್ದು ಗಿರಣಿ. ಉಪ್ಪು ಮಾತ್ರ ಸಾಹೇಬರದು ಹೇಗಾಯಿತು? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದೆ.

ಹಿಂದೆ ಇದಕ್ಕೆ ವಶೀಲಿ ಎನ್ನುತ್ತಿದ್ದರು, ಹೇಳುವಾಗ ದನಿ ತಗ್ಗಿಸುತ್ತಿದ್ದರು. ಈಗ ಇದೊಂದು ವಿದ್ಯೆಯಾಗಿದೆ. ಹಿರಿಯ ಅಧಿಕಾರಿಗಳೊಡನೆ, ನಾಯಕರೊಡನೆ ಸಂಬಂಧ ಬೆಳೆಸಿಕೊಂಡು ಮೇಲೇರುವುದು ಹೇಗೆ ಎಂಬುದನ್ನು ಕಾಲೇಜುಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಕೋಟು ಹಾಕಿಕೊಂಡವರು ಫೀ ತೆಗೆದುಕೊಂಡು ಕಲಿಸುತ್ತಾರೆ. ಅವರ ಅಭಿರುಚಿ ತಿಳಿದುಕೊ, ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂರು, ಅವರ ಕಷ್ಟಕ್ಕೆ ಆಗು ಎಂಬುದು ಪಾಠದ ಸಾರ. ಶೇಂಗಾದ ಚೀಲ ತಂದ ಮುದುಕನಿಗೆ ಇದೆಲ್ಲ ಫೀ ಇಲ್ಲದೆಯೇ ಗೊತ್ತಿತ್ತು.

ಈ ಮಾತಿಗೆ ನಮ್ಮ ಊರಿನಷ್ಟು ಹಳೆಯ ಸಾಕ್ಷಿ ಇನ್ನೊಂದು ಊರಿಗೆ ಇರಲಿಕ್ಕಿಲ್ಲ. ಹತ್ತನೆಯ ಶತಮಾನದಲ್ಲಿ ಮುದುವೊಳಲು ಎಂಬ ಈ ಊರಿನಲ್ಲಿ ಬಳೆಗಾರರ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊತ್ತು ಊರೂರು ತಿರುಗಬೇಕಾಗಿದ್ದ ಹುಡುಗನಿಗೆ ಓದಿನ ಹುಚ್ಚು. ದಕ್ಷಿಣಕ್ಕೆ, ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಗಂಗರ ಮಂತ್ರಿ ಚಾವುಂಡರಾಯನ ಕೃಪೆ ದೊರೆಯಿತು. ಆಮೇಲೆ ಚಾಲುಕ್ಯರ ಆಸ್ಥಾನಕ್ಕೆ ಬಂದು ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ. ಮಹಾಕವಿ ರನ್ನನ ಹೆಸರು ಕೇಳದ ಕನ್ನಡಿಗನಿಲ್ಲ.

ಈ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಚಾವುಂಡರಾಯನ ರಾಯ, ದಾನಚಿಂತಾಮಣಿಯ ಅತ್ತಿಮಬ್ಬೆ! ಅದನ್ನು ಕೃತಜ್ಞತೆ ಎನ್ನುವವರಿಗೆ ನನ್ನ ತಕರಾರಿಲ್ಲ. ನಾನೂ ಒಪ್ಪುತ್ತೇನೆ. ಆದರೆ ಬಳೆಗಾರನ ಮಗನೊಬ್ಬ ಮೇಲೆ ಬರಬೇಕಾದರೆ ಎಷ್ಟು ಕೈಗಳನ್ನು ಹಿಡಿಯಬೇಕಾಯಿತು, ಆ ಕೈಗಳ ನೆನಪು ತೊಟ್ಟಿಲವರೆಗೂ ಹೇಗೆ ಬಂದು ಕೂತಿತು ಎಂಬುದನ್ನು ನೋಡಿ. ಮಂತ್ರಿಯ ಮಗನಿಗೆ ಈ ಪಾಡು ಬರುತ್ತಿರಲಿಲ್ಲ.

ಅರಸನ ಋಣವನ್ನು ರನ್ನ ಇನ್ನೊಂದು ರೀತಿಯಲ್ಲಿ ತೀರಿಸಬೇಕಾಯಿತು. ಗದಾಯುದ್ಧದಲ್ಲಿ ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಒಂದು ಮಾಡಿ ಹೊಗಳಿದ. ಸಾಹಸಭೀಮವಿಜಯ ಎಂಬುದು ಆ ಕಾವ್ಯದ ಇನ್ನೊಂದು ಹೆಸರು. ಆದರೆ ಸಾವಿರ ವರ್ಷ ಕಳೆದ ಮೇಲೆ ಜನ ಆ ಕಾವ್ಯವನ್ನು ಓದುವುದು ಯಾರಿಗಾಗಿ? ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆಯುತ್ತ, ತಮ್ಮನಿಗಾಗಿ, ಮಗನಿಗಾಗಿ, ಗೆಳೆಯ ಕರ್ಣನಿಗಾಗಿ ಗೋಳಿಡುವ ದುರ್ಯೋಧನನಿಗಾಗಿ. ಹಣ ಕೊಟ್ಟವನು ಭೀಮನನ್ನು ಕೇಳಿದ. ಕವಿಯ ಕರುಳು ಸೋತವನ ಕಡೆ ಹೋಯಿತು. ಅಷ್ಟು ದೊಡ್ಡ ಪ್ರತಿಭೆಯಿದ್ದವನಿಗೆ ಮಾತ್ರ ಹಂಗಿನ ನಡುವೆಯೂ ತನ್ನದನ್ನು ಉಳಿಸಿಕೊಳ್ಳುವುದು ಸಾಧ್ಯವಾಯಿತು. ನಮ್ಮ ನಿಮ್ಮಂಥವರಿಗೆ ಅದು ಆಗುವ ಮಾತಲ್ಲ. ನಾವು ಬ್ಯಾನರು ಕಟ್ಟುವುದೇ ಸರಿ.

"ಹಾಗಾದರೆ ಹಿರಿಯರ ಸಂಗವೇ ಬೇಡವೆನ್ನುತ್ತೀರಾ?" ಎಂದು ಕೇಳುವವರಿದ್ದಾರೆ. ಯಾರು ಹೇಳಿದರು? ಯಂತ್ರದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಹೇಳುವ ಹಳೆಯ ಫಿಟ್ಟರನ ಹಿಂದೆ ಹುಡುಗರು ನೆರಳಿನಂತೆ ತಿರುಗಲಿ. ಬನಹಟ್ಟಿ ರಬಕವಿಯ ಮಗ್ಗದ ಮನೆಗಳಲ್ಲಿ ಅಜ್ಜನ ಕಾಲ ಬಳಿ ಕೂತು ಮೊಮ್ಮಗ ನೇಯ್ಗೆ ಕಲಿತದ್ದು ಹಾಗೆಯೇ. ರನ್ನ ಅಜಿತಸೇನರ ಬಳಿಗೆ ಹೋದದ್ದೂ ಹಾಗೆಯೇ. ಕಲಿಸುವ ಹಿರಿಯ ತನ್ನಲ್ಲಿದ್ದುದನ್ನು ಕೊಡುತ್ತಾನೆ. ಕೊಟ್ಟರೂ ಅದು ಅವನಲ್ಲಿ ಉಳಿಯುತ್ತದೆ. ಜಗುಲಿಯ ಹಿರಿಯ ಕೊಡುವುದು ಇನ್ನೊಬ್ಬರ ಪಾಲನ್ನು. ಅತ್ತಿಮಬ್ಬೆಯನ್ನೇ ನೋಡಿ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಮೊಳೆಯಿಲ್ಲದ ಕಾಲದಲ್ಲಿ ಓಲೆಗರಿಯ ಸಾವಿರ ಪ್ರತಿ! ಆ ಪ್ರತಿ ಯಾರ ಕೈಗೆ ಬಿತ್ತೋ ಅವರು ಅವಳ ಅಂಗಳದಲ್ಲಿ ನಿಂತವರೇ ಆಗಿರಬೇಕೆಂಬ ನಿಯಮವಿರಲಿಲ್ಲ. ಇಂಥ ದೊಡ್ಡವರು ಎಷ್ಟು ಜನ ಬಂದರೂ ಬರಲಿ.

ಮುದುಕನ ಬರಿಗೈಯ ಮಾತು ಬಂತಲ್ಲ, ನಮ್ಮ ಸಂಸ್ಥಾನದ ಅರಸರೂ ಅದನ್ನು ಬಲ್ಲವರೇ. ಘೋರ್ಪಡೆ ಮನೆತನದ ಮಾಲೋಜಿರಾವ್ ಮಹಾರಾಜರು ವಿಲಾಯತಿಗೆ ಹೋದಾಗ ಚಕ್ರವರ್ತಿ ಐದನೆಯ ಜಾರ್ಜನಿಗೆ ಒಂದು ಜೊತೆ ಮುಧೋಳ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂದು ಊರಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾಯಿಯ ಕೀರ್ತಿ ನಿಜ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ತಿಕೀಟನ್ನೇ ಹೊರಡಿಸಿದರು. ಆದರೆ ಪ್ರಜೆಗಳು ಅರಸನ ಮುಂದೆ, ಅರಸ ಚಕ್ರವರ್ತಿಯ ಮುಂದೆ ಕಾಣಿಕೆ ಹಿಡಿದು ನಿಲ್ಲುವ ಆ ಮೆಟ್ಟಿಲುಗಳು 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಸವೆದುಹೋಗಬೇಕಾಗಿತ್ತು. ಹೋಗಲಿಲ್ಲ. ಅರಸರ ಜಾಗದಲ್ಲಿ ಪುಢಾರಿಗಳು ಬಂದರು.

ಪುಢಾರಿಗಳ ಲೋಕದಲ್ಲಿಯೂ ಈ ಏಣಿಯೇ ಧರ್ಮಶಾಸ್ತ್ರ. ಹಳಬರಿಗೆ 1962ರ ಪ್ರಸಂಗ ನೆನಪಿರಬೇಕು. ಆ ವರ್ಷದ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಕಾಂಗ್ರೆಸ್ಸಿಗೆ ಬಹುಮತವಿತ್ತು, ನಾಯಕನಿಗೆ ಸೀಟಿರಲಿಲ್ಲ. ಆಗ ಮಾರ್ಚ್ 14ರಂದು ನಮ್ಮ ಪಕ್ಕದ ಹುನಗುಂದದ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಶಾಸಕರಾಗಿದ್ದ ಮುರನಾಳರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಆರಿಸಿ ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಕುರ್ಚಿಯನ್ನು ಅವರಿಗೆ ಒಪ್ಪಿಸಿ ಅವರ ಸಂಪುಟದಲ್ಲಿ ಮಂತ್ರಿಗಳಾದರು. ಇದನ್ನು ಭರತನ ಪಾದುಕೆಗೆ ಹೋಲಿಸಿ ಹೊಗಳುವವರು ಇಂದಿಗೂ ಇದ್ದಾರೆ. ಕಂಠಿಯವರು ಸಜ್ಜನರು, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟ ಮಾತಿಗೆ ತಪ್ಪುವ ಇಂದಿನವರ ಎದುರು ಅವರು ಬೆಟ್ಟದಂತೆ ಕಾಣುತ್ತಾರೆ. ಶಿಕ್ಷಣ ಮಂತ್ರಿಗಳಾಗಿ ಅವರು ಮಾಡಿದ ಕೆಲಸಕ್ಕೆ 1963ರಲ್ಲಿ ಬಂದ ವಿಜಾಪುರದ ಸೈನಿಕ ಶಾಲೆಯೊಂದೇ ಸಾಕ್ಷಿ ಸಾಕು.

ಆದರೆ ಈ ಭರತನ ಕಥೆಯಲ್ಲಿ ಬಾಗಲಕೋಟೆಯ ಮತದಾರ ಎಲ್ಲಿದ್ದಾನೆ? ಅವನು ಒಬ್ಬರನ್ನು ಆರಿಸಿದ್ದ. ಅವನನ್ನು ಕೇಳದೆಯೇ ಸೀಟು ತೆರವಾಯಿತು. ದೊಡ್ಡವರೊಬ್ಬರು ಮೇಲೆ ಬರಲು ಸಣ್ಣವರೆಲ್ಲ ಸಾಲಾಗಿ ಬಾಗಿ ಮೆಟ್ಟಿಲಾದರು, ನಾವು ಅದನ್ನು ತ್ಯಾಗವೆಂದು ಕರೆದೆವು. ಸಜ್ಜನರು ಇದ್ದಾಗಲೇ ಈ ಪದ್ಧತಿ ಹೀಗೆ ನಡೆಯಿತು. ಸಜ್ಜನರಲ್ಲದವರ ಕೈಯಲ್ಲಿ ಇದೇ ಪದ್ಧತಿ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರು ದಿನಾಲು ನೋಡುತ್ತಿದ್ದಾರೆ. ವಾರ್ಡಿನ ಟಿಕೆಟ್ಟಿನಿಂದ ಹಿಡಿದು ಶಾಲೆಯ ಸಿಪಾಯಿಯ ನೌಕರಿಯವರೆಗೆ, ನಿಷ್ಠೆ ಯಾರಿಗೆ ಎಂಬುದು ಮೊದಲ ಪ್ರಶ್ನೆ; ಕೆಲಸ ಬರುತ್ತದೆಯೇ ಎಂಬುದು ಕಡೆಯ ಪ್ರಶ್ನೆ.

ಬೇರೆ ದಾರಿಯೇ ಇಲ್ಲವೆನ್ನುವವರು ಕೃಷ್ಣಾ ನದಿಯ ದಂಡೆಗೆ ಹೋಗಿ ಬರಲಿ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಒಂದು ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದರ ಹೆಸರು. ಸರಕಾರದ ಬಾಗಿಲು ಕಾಯುತ್ತ ಕೂತಿದ್ದರೆ ಇನ್ನೂ ಅರ್ಜಿಗಳೇ ಹರಿಯುತ್ತಿದ್ದವು, ನೀರು ನಿಲ್ಲುತ್ತಿರಲಿಲ್ಲ. ಆ ಕೆಲಸದ ಮುಂದಾಳು ಸಿದ್ದು ನ್ಯಾಮಗೌಡರು. ಎರಡೇ ವರ್ಷದಲ್ಲಿ, 1991ರ ಲೋಕಸಭೆಯ ಚುನಾವಣೆಯಲ್ಲಿ, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ದೇಶಕ್ಕೆ ದೊಡ್ಡ ಹೆಸರಿನ ಎದುರು ಊರು ಬ್ಯಾರೇಜಿನ ಹೆಸರನ್ನು ಆರಿಸಿತು. ಅವರು ಹೋದ ಪಕ್ಷ, ಆಮೇಲಿನ ಅವರ ರಾಜಕಾರಣ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು, ಪಾಪ. ನಾನು ಎತ್ತಿ ಹೇಳುವುದು ಇಷ್ಟೇ: ಅವರು ಮೊದಲು ಸಂಬಂಧ ಕಟ್ಟಿದ್ದು ತನ್ನ ಪಕ್ಕದಲ್ಲಿ ಬುಟ್ಟಿ ಹೊತ್ತವನೊಡನೆ. ದಿಲ್ಲಿ ಆಮೇಲೆ ತಾನಾಗಿ ಬಂತು.

ಇನ್ನು ಗಿರಣಿಯ ಮಾತಿಗೆ ಬರೋಣ. ಕಾಮಗಾರ ಬಂಧುಗಳು ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಓದಬೇಕು.

ಕಾಯಂ ಯಾರು, ಹಂಗಾಮಿ ಯಾರು, ಬದಲಿ ಯಾರು, ಯಾವ ತಪ್ಪಿಗೆ ಯಾವ ಶಿಕ್ಷೆ, ಅನ್ಯಾಯವಾದರೆ ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ಮಾಲಕನು ಬರೆದು, ಸರಕಾರಿ ಅಧಿಕಾರಿಯಿಂದ ಮಂಜೂರು ಮಾಡಿಸಿ, ಕಾಮಗಾರರಿಗೆ ತಿಳಿಯುವ ಭಾಷೆಯಲ್ಲಿ ಗೇಟಿನ ಬಳಿ ಹಚ್ಚಬೇಕು ಎಂಬ ಕಾನೂನು 1946ರಲ್ಲಿಯೇ ಬಂದಿತ್ತು. ಸ್ಥಾಯಿ ಆದೇಶಗಳೆಂದು ಅದನ್ನು ಕರೆಯುತ್ತಾರೆ. ಕೇಂದ್ರದ ಆ ಕಾನೂನು 100 ಜನ ದುಡಿಯುವ ಕಾರಖಾನೆಗೆ ಅನ್ವಯಿಸುತ್ತಿತ್ತು. 2020ರಲ್ಲಿ ಮಾಡಿದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ 100 ಹೋಗಿ 300 ಆಗಿದೆ. ಇನ್ನೂರು ತೊಂಬತ್ತೊಂಬತ್ತು ಜನ ದುಡಿಯುವ ಗಿರಣಿಯ ಮಾಲಕನು ಇಂಥ ಕಾಗದವನ್ನು ಬರೆಯಲೇಬೇಕೆಂಬ ಕಟ್ಟಳೆ ಇನ್ನಿಲ್ಲ.

ಬರೆದ ಕಾಗದವಿಲ್ಲದ ಗೇಟಿನಲ್ಲಿ ಏನಾಗುತ್ತದೆ? ಮುಕಾದಮನ ನೆನಪೇ ಯಾದಿ, ಸಾಹೇಬರ ಚಿಟ್ಟಿಯೇ ಕಾನೂನು. ಕಾಮಗಾರ ಜಗುಲಿ ಹತ್ತುವುದು ಅವನ ಸ್ವಭಾವ ಕೆಟ್ಟಿದ್ದರಿಂದಲ್ಲ. ಗೇಟಿನ ಗೋಡೆ ಖಾಲಿಯಿದೆ, ಓದಲು ಏನೂ ಇಲ್ಲ, ಅದಕ್ಕಾಗಿ ಮುಖ ಓದಲು ಹೋಗುತ್ತಾನೆ. ದೊಡ್ಡವರೊಡನೆ ಸಂಬಂಧ ಬೆಳೆಸಿಕೊಳ್ಳಿರೆಂದು ಭಾಷಣ ಬಿಗಿಯುವವರು ಈ ಖಾಲಿ ಗೋಡೆಯ ಮಾತನ್ನು ಎಂದೂ ಎತ್ತುವುದಿಲ್ಲ. ಎತ್ತಿದರೆ ಅವರ ಅಂಗಡಿ ನಡೆಯಬೇಕಲ್ಲ!

ಆದರೂ ಅದೇ ಸಂಹಿತೆಯಲ್ಲಿ ಒಂದು ಮೊಳೆ ನಮ್ಮ ಕೈಗೆ ಸಿಕ್ಕಿದೆ. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಮಾಲಕರ ಕಡೆಯವರು ಎಷ್ಟೋ ಕಾಮಗಾರರ ಕಡೆಯವರೂ ಅಷ್ಟೇ. ಒಟ್ಟು ಹತ್ತು ಜನಕ್ಕೆ ಮೀರಬಾರದು. ಹೆಣ್ಣುಮಕ್ಕಳು ದುಡಿಯುವಲ್ಲಿ ಅವರಿಗೂ ಅವರ ಪ್ರಮಾಣದಲ್ಲಿ ಜಾಗ ಕೊಡಬೇಕು. ಅನ್ಯಾಯವಾದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ಮೂವತ್ತು ಜನರ ಜಿನ್ನಿಂಗ್ ಗಿರಣಿಗೂ ಇದು ಅನ್ವಯಿಸುತ್ತದೆ. ಆ ಸಮಿತಿ ನಿಮ್ಮಲ್ಲಿ ಇದೆಯೇ? ಇದ್ದರೆ ಅದರಲ್ಲಿ ಕೂತವರು ನಿಮ್ಮವರೋ, "ನಮ್ಮ ಹುಡುಗ"ರೋ? ವಿಚಾರಿಸಿ.

ಸಣ್ಣ ವ್ಯಾಪಾರಸ್ಥರು ಇದು ಗಿರಣಿಯವರ ಗೋಳೆಂದು ಪುಟ ಮಗುಚಬಾರದು. ಬಾಳೆಹಣ್ಣಿನ ಗಾಡಿಯವನು ಗಾಡಿಯ ನೆತ್ತಿಗೆ ಯಾರದೋ ಭಾವಚಿತ್ರವನ್ನು ಯಾಕೆ ಕಟ್ಟಿದ್ದಾನೆ? ಆ ಮುಖ ನೋಡಿ ಮುನ್ಸಿಪಾಲಿಟಿಯವರು ಗಾಡಿ ಎತ್ತದಿರಲಿ ಎಂದು. ಮುಂದಿನ ಚುನಾವಣೆಯಲ್ಲಿ ಮುಖ ಬದಲಾದರೆ ಚಿತ್ರವನ್ನೂ ಬದಲಿಸಬೇಕು. ತಡಮಾಡಿದರೆ ತಕ್ಕಡಿ ಹೋಗುತ್ತದೆ. ಹಬ್ಬಕ್ಕೆ ವರ್ಗಣಿ, ಹುಟ್ಟುಹಬ್ಬಕ್ಕೆ ಹಾರ, ಇವನ್ನೆಲ್ಲ ಲೆಕ್ಕ ಹಾಕಿ ನೋಡಿದರೆ ಬಾಡಿಗೆಯ ಮಳಿಗೆಯೇ ಅಗ್ಗ ಕಂಡೀತು. ಬೀದಿ ವ್ಯಾಪಾರಿಗಳ ಕಾನೂನು 2014ರಿಂದ ಇದೆ. ಸಮೀಕ್ಷೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಮತ ಹಾಕಿ ಆರಿಸಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿರಬೇಕು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವಂದಿರು ಅಲ್ಲಿ ಕೂತು ಮಾತಾಡುವ ಹಕ್ಕುಳ್ಳವರು. ಪ್ರಮಾಣಪತ್ರವಿದ್ದವನ ಗಾಡಿಗೆ ಭಾವಚಿತ್ರ ಬೇಕಾಗುವುದಿಲ್ಲ. ಆ ಜಾಗದಲ್ಲಿ ಇನ್ನೊಂದು ಗೊನೆ ತೂಗುಹಾಕಬಹುದು.

ಆದ್ದರಿಂದ ಗಿರಣಿ ಮಾಲಕರಿಗೂ ಅವರ ಸಲಹೆಗಾರರಿಗೂ ನಮ್ಮ ಬೇಡಿಕೆ ಚಿಕ್ಕದು. ಬರುವ ಹಂಗಾಮು ಶುರುವಾಗುವ ಹದಿನೈದು ದಿನ ಮೊದಲು ಹಂಗಾಮಿ ಕಾಮಗಾರರ ಯಾದಿಯನ್ನು ಗೇಟಿಗೆ ಹಚ್ಚಿರಿ. ಪ್ರತಿ ಹೆಸರಿನ ಮುಂದೆ ಅವನು ಎಷ್ಟು ಹಂಗಾಮು ದುಡಿದಿದ್ದಾನೆಂಬುದು ಕನ್ನಡದಲ್ಲಿ ಇರಲಿ. ಹೆಚ್ಚು ದುಡಿದವನಿಗೆ ಮೊದಲ ಕರೆ. ಹೆಸರು ಬಿಟ್ಟಿದ್ದರೆ ಯಾಕೆ ಬಿಟ್ಟಿತೆಂಬುದನ್ನು ಬರೆದು ಕೊಡಬೇಕು. ಕಾನೂನು 300 ಎನ್ನುತ್ತದೆ, ನಮ್ಮಲ್ಲಿ ಅಷ್ಟು ಜನರಿಲ್ಲ ಎಂಬ ನೆವ ಬೇಡ. ಬರೆದು ಹಚ್ಚಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಏಳು ಹಂಗಾಮು ದುಡಿದು ಮನೆಯಲ್ಲಿ ಕೂತವನನ್ನು ನಾನು ಹೋದ ತಿಂಗಳು ಹುಡುಕಿಕೊಂಡು ಹೋಗಿದ್ದೆ. ಹೇಳಬೇಕಾದದ್ದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ರಿ, ನಾನೂ ಒಬ್ಬರ ಮನಿ ಮುಂದ ನಿಂತಿದ್ನಿ. ನಿಮ್ಮವರು ದೊಡ್ಡವರಿದ್ರು, ನಮ್ಮವರು ಸಣ್ಣವರಿದ್ರು, ಅಷ್ಟ" ಎಂದ. ಸಮಿತಿಗೆ ಕೊಡುವ ಅರ್ಜಿಯ ಕಾಗದ ತೋರಿಸಿದೆ. ವರ್ಷ ದಾಟಿದ್ದರಿಂದ ಅವನ ಹಳೆಯ ಅನ್ಯಾಯಕ್ಕೆ ಅದು ನಡೆಯುವುದಿಲ್ಲ. ಆದರೂ ನಾಲ್ಕು ಪ್ರತಿ ಇಸಿದುಕೊಂಡ, ಓಣಿಯಲ್ಲಿ ಬೇಕಾದವರಿದ್ದಾರೆಂದು.

ಅರ್ಜಿಯ ನಮೂನೆ ನಮ್ಮ ಕಚೇರಿಯಲ್ಲಿ ದೊರೆಯುತ್ತದೆ. ಬರೆಯಲು ಬಾರದವರಿಗೆ ಸಂಜೆ ಆರರ ಮೇಲೆ ಬರೆದುಕೊಡುತ್ತೇವೆ. ಖರ್ಚಿಲ್ಲ, ಪರಿಚಯವೂ ಬೇಕಿಲ್ಲ. ಶೇಂಗಾದ ಚೀಲ ಮನೆಯಲ್ಲಿಯೇ ಇರಲಿ.